ತವರ ಮಣ್ಣಿನ ಹುಳ

೧೯೮೭ರ ಬೇಸಗೆ. ಆಗ ನನಗೆ ಹನ್ನೊಂದು ವರ್ಷ. ಆ ದಿನಗಳಲ್ಲಿ ರಜೆಯೆಂದರೆ ನೆಂಟರ ಮನೆ. ನನ್ನ ಪಾಲಿಗೆ ಗೌರತ್ತೆಯ ಮನೆ. ನನ್ನ ತಂದೆಯ ತಂಗಿಯಾದ ಗೌರತ್ತೆಯನ್ನು ಎರಡು ವರ್ಷಗಳ ಹಿಂದೆ ಕವಲಂದೆಯ ಬಳಿಯ ಊರೊಂದಕ್ಕೆ ಕೊಟ್ಟಿದ್ದರು. ನಮ್ಮ ಸೋಸಲೆಯಿಂದ ತಿ. ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ನಂಜನಗೂಡಿಗೆ ಇನ್ನೊಂದು, ಕವಲಂದೆಗೆ ಮತ್ತೊಂದು. ಕಿಟಕಿಯಾಚೆ ಮಣ್ಣಿನ ಬಣ್ಣ ಬದಲಾಗುತ್ತಾ ಹೋಗುತ್ತಿತ್ತು. ನಮ್ಮ ಹೊಳೆದಂಡೆಯ ಬೂದು ಮೆಕ್ಕಲು ಮಣ್ಣು ಮುಗಿದು, ನಡುವೆ ಕಪ್ಪು ಭೂಮಿ ಬಂದು, ಕಡೆಗೆ ಕಾದ ಇಟ್ಟಿಗೆಯಂಥ ಕೆಂಪು ನೆಲ. ಆ ಕೆಂಪು ಕಂಡೊಡನೆ ಅತ್ತೆಯ ಮನೆಯ ಹುರುಳಿ ಸಾರಿನ ವಾಸನೆ ನನ್ನ ಮೂಗಿಗೆ ಬಂದಂತಾಗುತ್ತಿತ್ತು.

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳನ್ನು ಗಂಡನ ಮನೆಗೆ ಕಳುಹಿಸುವಾಗ ಮಡಿಲಕ್ಕಿಯ ಜೊತೆಗೆ ಹಿತ್ತಿಲಿನ ಬಾಳೆಯ ಕಂದೊಂದನ್ನು ಕೊಡುವ ಪದ್ಧತಿಯಿತ್ತು. ಬರಿಯ ಕಂದಲ್ಲ; ಬೇರಿಗೆ ಅಂಟಿದ ಮಣ್ಣಿನ ಹೆಂಟೆಯನ್ನೂ ಸೇರಿಸಿ ಗೋಣಿತಾಟಿನಲ್ಲಿ ಸುತ್ತಿ ಕೊಡಬೇಕು. ಅಜ್ಜಿ ಗೌರತ್ತೆಗೆ ಹೇಳಿದ್ದು ನನಗೆ ನೆನಪಿದೆ: "ಮಣ್ಣ ಒದರಬ್ಯಾಡ ಕಣವ್ವ. ಅದುಕ್ಕೂ ಒಸ ಊರು ಒಗ್ಗಬೇಕಲ್ಲ." ಮೊದಲ ಗೊನೆ ತವರಿಗೆ ಬರಬೇಕೆಂಬುದು ಆ ಪದ್ಧತಿಯ ಉಳಿದರ್ಧ. ಗೊನೆ ಬಂದರೆ ಮಗಳು ಆ ಮನೆಯಲ್ಲಿ ನೆಲೆಯಾದಳೆಂದು ಅರ್ಥ.

ಅತ್ತೆ ಆ ಕಂದನ್ನು ಬಚ್ಚಲ ನೀರು ಹರಿಯುವ ಕಡೆ ನೆಟ್ಟಿದ್ದಳು. ಆ ಹಿತ್ತಿಲಿನಲ್ಲಿ ತೇವವಿದ್ದ ಜಾಗ ಅದೊಂದೇ. ನಾನು ಹೋದಾಗ ಬಾಳೆ ಮರಿಹಾಕಿ ಪೊದೆಯಾಗಿ, ತಾಯಿಗಿಡದಲ್ಲಿ ಗೊನೆ ಕಟ್ಟಿತ್ತು. ಪಾತ್ರೆ ತೊಳೆಯುವ ನೆಪದಲ್ಲಿ ಅತ್ತೆ ಅದರ ನೆರಳಿನಲ್ಲೇ ಕುಳಿತಿರುತ್ತಿದ್ದಳು.

"ನಿಮ್ಮಜ್ಜಿಗೆ ಏಳು, ಇನ್ನೇನು ಬಲೀತದೆ ಅಂತ," ಎಂದಳು. ಚಿನ್ನಿಕೋಲು ಆಡಲು ಓಡುತ್ತಿದ್ದ ನನ್ನನ್ನು ತಡೆದು ನಿಲ್ಲಿಸಿ ಹೇಳಿದಳು.

ಮೊದಲ ಮಳೆ ಬಿದ್ದಿತ್ತು. ಅತ್ತೆಯ ಮಾವ ಮಾದಪ್ಪನವರು ಬಾವಿ ಪಕ್ಕದ ತಗ್ಗಿನಲ್ಲಿ ರಾಗಿಯ ಸಸಿಮಡಿ ಮಾಡಿದ್ದರು. ಆ ಮಡಿಗೆಂದೇ ಅವರು ಹಿಂದಿನ ಬೇಸಗೆಯಲ್ಲಿ ಕೆರೆಯ ಹೂಳನ್ನು ಗಾಡಿಗಟ್ಟಲೆ ಹೊಡೆಸಿದ್ದರು. ಎರಡು ಬೆಳೆಯ ಗೊಬ್ಬರಕ್ಕೆ ಸಮವೆಂದು ಅದರ ಬಗ್ಗೆ ಅವರಿಗೆ ಹೆಮ್ಮೆ. ಆದರೆ ಪೈರು ಗೇಣುದ್ದವಾಗುವಷ್ಟರಲ್ಲಿ ಹಳದಿಯಾಯಿತು. ಹಾಯಿಸಿದ ನೀರು ಇಂಗದೆ ತಟ್ಟೆಯಲ್ಲಿ ನಿಂತಂತೆ ನಿಂತಿತು. ಮಾದಪ್ಪನವರು ಒಂದು ಹೆಂಟೆ ಎತ್ತಿ ಒಡೆದರು. ಒಳಗೆ ತೆಳ್ಳನೆಯ, ಬಿಳಿಗೆಂಪು ಬಣ್ಣದ ಹುಳುಗಳು. ಆ ಸೀಮೆಯ ಎರೆಹುಳು ಕಪ್ಪಗೆ, ದಪ್ಪಗೆ ಇರುತ್ತಿತ್ತು. ಅದು ಓಡಾಡಿದಲ್ಲಿ ಮಣ್ಣು ಹುಡಿಯಾಗುತ್ತಿತ್ತು. ಇದು ಓಡಾಡಿದಲ್ಲಿ ಮಣ್ಣು ಮೆತ್ತಿಕೊಂಡು ಗಟ್ಟಿಯಾಗಿತ್ತು.

"ಉಳ ಕಂಡ್ರೆ ಭೂಮಿಗೆ ಒಳ್ಳೇದು ಅಂತಿದ್ವಿ. ಇದ್ಯಾವ ಬಡ್ಡೆತ್ತುದ್ ಉಳ ಲಾ, ಗಾರೆ ಕೆಲ್ಸ ಮಾಡ್ಬುಟ್ಟದೆ!" ಎಂದರು.

ಅವರ ಹೆಂಡತಿ ಗುರುಮಲ್ಲಮ್ಮನಿಗೆ ಅಷ್ಟು ಸಾಕಾಯಿತು. ನೆಟ್ಟಗೆ ಹಿತ್ತಿಲಿಗೆ ಹೋಗಿ, ಕುಡುಗೋಲಿನ ತುದಿಯಿಂದ ಬಾಳೆಯ ಬುಡ ಕೆದಕಿದರು. ಅಲ್ಲಿಯೂ ಅದೇ ಹುಳ.

"ಬನ್ರಪ್ಪ, ನೋಡ್ಬನ್ನಿ, ಸೋಸಲೆ ನೆಂಟರು ಇಲ್ಲಿ ಅವ್ರೆ! ಬೇರೆ ಸೊಸೇರು ತವರಿಂದ ಓಲೆ ತತ್ತಾರೆ, ಬಳೆ ತತ್ತಾರೆ. ನಮ್ಮವ್ವ ಉಳ ತಂದವ್ಳೆ."

"ಅತ್ತೆ, ಗೊನೆ ಕಟ್ಟಿ ಅದೆ. ಬಲಿಯೋಗಂಟ ಇರ್ಲಿ," ಎಂದಳು ಗೌರತ್ತೆ.

"ಅದು ಬಲೀಲಿ ಅಂತ ಕೂತ್ಕಂಡ್ರೆ ನನ್ ರಾಗಿ ಬಲಿತದಾ? ಈ ವಾರದೊಳ್ಗೆ ಬುಡಸಮೇತ ಕಿತ್ತಾಕು."

ಮಾದಪ್ಪನವರು ಗುದ್ದಲಿ ಎತ್ತಿಕೊಂಡು ಮಡಿಯ ಕಡೆ ನಡೆದರು. ಅತ್ತೆಯ ಗಂಡ ಎತ್ತಿಗೆ ನೀರು ತೋರಿಸುವ ನೆಪದಲ್ಲಿ ಎದ್ದುಹೋದರು.

ನನಗೆ ಆ ತೀರ್ಪು ಒಪ್ಪಿಗೆಯಾಗಲಿಲ್ಲ. ಮುಂದೆ ಇಪ್ಪತ್ತು ವರ್ಷ ಕಪ್ಪುಹಲಗೆಯ ಮುಂದೆ ನಿಂತು ಮಕ್ಕಳಿಗೆ ಕಾರ್ಯಕ್ಕೊಂದು ಕಾರಣ ಕೇಳಿದ ಚಾಳಿ ಬಹುಶಃ ಅಲ್ಲಿಯೇ ಹುಟ್ಟಿರಬೇಕು. ತೆಂಗಿನ ಚಿಪ್ಪುಗಳನ್ನು ಕೂಡಿಸಿದೆ. ಒಂದಕ್ಕೆ ಬಾಳೆಬುಡದ ಹಸಿ ಮಣ್ಣು, ಇನ್ನೊಂದಕ್ಕೆ ಹಿತ್ತಿಲಿನ ಒಣ ಕೆಂಪು ಮಣ್ಣು, ಮತ್ತೊಂದಕ್ಕೆ ಸಸಿಮಡಿಯ ಹೂಳು. ಪ್ರತಿಯೊಂದಕ್ಕೂ ಆ ಹುಳುಗಳನ್ನು ಬಿಟ್ಟು, ಮೇಲೆ ಮುತ್ತುಗದ ಎಲೆ ಮುಚ್ಚಿದೆ. ಮಾರನೆಯ ದಿನ ನೋಡಿದರೆ ಹಸಿ ಮಣ್ಣಿನವು ಚುರುಕಾಗಿದ್ದವು. ಹೂಳಿನವು ಇನ್ನೂ ಆಳಕ್ಕಿಳಿದಿದ್ದವು. ಕೆಂಪು ಮಣ್ಣಿನವು ದಾರದ ತುಂಡುಗಳಂತೆ ಒಣಗಿ ಸತ್ತಿದ್ದವು.

ಆಮೇಲೆ ಕೋಲು ಹಿಡಿದು ಬಾಳೆಯಿಂದ ಸಸಿಮಡಿಯವರೆಗೂ ಕೆದಕುತ್ತಾ ನಡೆದೆ. ಬಚ್ಚಲ ನೀರು ಎಲ್ಲಿಗೆ ಮುಗಿಯಿತೋ ಹುಳುವೂ ಅಲ್ಲಿಗೇ ಮುಗಿದಿತ್ತು. ಅದರಾಚೆ ಅಂಗಳ, ಗಾಡಿದಾರಿ, ಹೊಲದ ದಿಣ್ಣೆ ಎಲ್ಲವೂ ಕಲ್ಲಿನಂಥ ಒಣ ಕೆಂಪು. ಮೊದಲ ಮಳೆ ಅದರ ಮೇಲ್ಪದರವನ್ನಷ್ಟೇ ನೆನೆಸಿತ್ತು. ಅಲ್ಲಿ ಒಂದು ಹುಳುವೂ ಇರಲಿಲ್ಲ. ಆ ನೆಲವನ್ನು ದಾಟಿ ಅವು ಮಡಿಗೆ ಹೋಗಿರುವುದು ಅಸಾಧ್ಯ. ಹೊರಗಿನಿಂದ ತಂದು ಮಡಿಗೆ ಹಾಕಿದ್ದು ಒಂದೇ: ಕೆರೆಯ ಹೂಳು.

ಏದುಸಿರು ಬಿಡುತ್ತಾ ಅತ್ತೆಯ ಬಳಿಗೆ ಓಡಿ ಎಲ್ಲವನ್ನೂ ಹೇಳಿದೆ. "ಕೆರೆಗೆ ಓಗಿ ನೋಡ್ಕ ಬತ್ತೀನಿ ಅತ್ತೆ!"

ಅತ್ತೆ ನನ್ನ ಕೈ ಹಿಡಿದಳು. ಅವಳ ಕೈಯಲ್ಲಿ ಬೂದಿಯ ವಾಸನೆ ಇತ್ತು.

"ನೋಡಿ ಏನ್ ಮಾಡ್ತೀಯೆ?"

"ಏಳ್ತೀನಿ."

"ಯಾರಿಗೆ?"

ನಾನು ಮಾದಪ್ಪನವರಿದ್ದ ಮಡಿಯ ಕಡೆಗೆ ಕೈ ತೋರಿಸಿದೆ.

"ಮಾವ ತಾವೇ ಉಳ ತಂದು ಮಡಿಗಾಕ್ಕಂಡ್ರು ಅಂತ ಸೊಸೆ ಏಳಿ ಗೆದ್ಲು ಅನ್ಕೋ. ಗೆದ್ದೋಳು ಈ ಮನೇಲೇ ತಾನೆ ಮುದ್ದೆ ಉಣ್ಬೇಕಾದ್ದು? ಬಾಯ್ ಮುಚ್ಕೊಂಡಿರು ಕಣಪ್ಪ. ನನ್ನಾಣೆ."

ಮರುದಿನ ಬೆಳಿಗ್ಗೆ ಮಚ್ಚಿನ ಸದ್ದಿಗೆ ಎಚ್ಚರವಾಯಿತು. ಯಾರೂ ಮತ್ತೆ ಹೇಳುವ ಮೊದಲೇ ಅತ್ತೆ ಬಾಳೆಯನ್ನು ಕಡಿದಿದ್ದಳು. ಗುದ್ದಲಿಯಿಂದ ಗೆಡ್ಡೆಯನ್ನು ಅಗೆದು, ಮರಿಗಳನ್ನೂ ಕಿತ್ತು, ತವರಿನ ಮಣ್ಣನ್ನು ಮಂಕರಿಯಲ್ಲಿ ತುಂಬಿ ಬಿಸಿಲಿಗೆ ಹರವಿದಳು. ಬೂದು ಮಣ್ಣು ಕೆಂಪು ನೆಲದ ಮೇಲೆ ಬಹಳ ಹೊತ್ತು ಬೇರೆಯಾಗಿಯೇ ಕಾಣುತ್ತಿತ್ತು. ಎಳೆಯ ಕಾಯಿಗಳನ್ನು ಗುರುಮಲ್ಲಮ್ಮ ಪಲ್ಯ ಮಾಡಿದರು. ಬಾಯಿ ಹಿಡಿಯುವಷ್ಟು ಒಗರು. ಅತ್ತೆಯೂ ಉಂಡಳು.

ಬಸ್ಸು ಹತ್ತಿಸುವಾಗ ಅವಳು ಹೇಳಿದ್ದು ಒಂದೇ ಮಾತು: "ಬಾಳೆ ಗಾಳಿಗೆ ಬಿದ್ದೋಯ್ತು ಅಂತ ಅಜ್ಜಿಗೆ ಏಳು."

ಹೇಳಿದೆ. ಅಜ್ಜಿ ಗೊನೆಗಾಗಿ ಮತ್ತೆ ಕೇಳಲಿಲ್ಲ.

ಬಾಳೆ ಹೋಯಿತು, ಹುಳು ಹೋಗಲಿಲ್ಲ. ಮಡಿಯಲ್ಲಿಯೇ ಉಳಿಯಿತು. ಮುಂದೆ ದಿಣ್ಣೆಗೂ ಕೊಳವೆಬಾವಿಯ ನೀರು ಬಂತು. ಕೆಂಪು ಮಣ್ಣು ವರ್ಷವಿಡೀ ತೇವವಾಗಿರಲು ಕಲಿಯಿತು. ನೀರು ನಡೆದ ದಾರಿಯಲ್ಲೇ ಹುಳುವೂ ನಡೆಯಿತು. ಅದು ಕಡಲಾಚೆಯ ಹುಳುವೆಂದೂ, ಗಿಡಗಳ ಬೇರಿಗೆ ಅಂಟಿದ ಮಣ್ಣಿನಲ್ಲಿ ಅವಿತು ದೇಶ ದೇಶ ಸುತ್ತಿದ್ದೆಂದೂ ಬಹಳ ತಡವಾಗಿ ಓದಿ ತಿಳಿದೆ. ಆ ಒಣ ನೆಲವೇ ಅದಕ್ಕೆ ಬೇಲಿಯಾಗಿತ್ತು. ಬೇಲಿಯನ್ನು ನಾವೇ ತೆಗೆದೆವು. ತೆಗೆಯದೆ ಬದುಕುವಂತೆಯೂ ಇರಲಿಲ್ಲ. ಈಗ ಅತ್ತೆಯ ಹೊಲದಲ್ಲಿ ಎಲ್ಲಿ ಅಗೆದರೂ ಆ ಕಪ್ಪು ದಪ್ಪ ಎರೆಹುಳು ನನಗೆ ಸಿಗುವುದಿಲ್ಲ. ಮೊದಲ ಮಳೆಗೆ ಹುಡಿಮಣ್ಣು ಬಿಡುತ್ತಿದ್ದ ಆ ವಾಸನೆಯೂ ತೆಳುವಾಗಿದೆ. ಅಥವಾ ನನ್ನ ಮೂಗು ದಣಿದಿದೆ. ಬಾಳೆಗಿಡಗಳು ಪ್ಲಾಸ್ಟಿಕ್ ಲೋಟಗಳಲ್ಲಿ ತೆಂಗಿನ ನಾರಿನ ಪುಡಿಯೊಂದಿಗೆ ಬರುತ್ತವೆ. ಅವುಗಳ ಬೇರಿನಲ್ಲಿ ಹುಳುವಿಲ್ಲ, ಯಾರ ತವರೂ ಇಲ್ಲ. ನಮ್ಮ ಮನೆಯ ಹೆಣ್ಣುಮಕ್ಕಳ ಜೊತೆ ಕಂದು ಕಳುಹಿಸುವುದು ಅಜ್ಜಿಯೊಂದಿಗೇ ನಿಂತಿತು.

ಮಳೆ ಕೈಕೊಟ್ಟ ಒಂದು ಬೇಸಗೆಯಲ್ಲಿ ಕೆರೆ ತಳಕಂಡಿತು. ಯಂತ್ರ ತಂದು ಹೂಳೆತ್ತುತ್ತಿದ್ದರು. ನಾನು ಅತ್ತೆಯನ್ನು ನೋಡಲು ಹೋಗಿದ್ದೆ. ಗುರುಮಲ್ಲಮ್ಮ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ತೊಂಬತ್ತರ ಹತ್ತಿರವಿದ್ದ ಮಾದಪ್ಪನವರು ಹೂಳು ನೋಡಬೇಕೆಂದು ಹಟ ಹಿಡಿದರು. ಅತ್ತೆ ಒಂದು ಕೈ, ನಾನೊಂದು ಕೈ ಹಿಡಿದು ಕೆರೆಯ ಏರಿಗೆ ಕರೆದೊಯ್ದೆವು. ಆಳದ ಕಪ್ಪು ಹೆಂಟೆಯೊಂದನ್ನು ಕೇಳಿ ತರಿಸಿಕೊಂಡು ಒಡೆದರು. ಒಳಗೆ ಸಣ್ಣ ಗೂಡುಗಳಲ್ಲಿ ಗಂಟು ಹಾಕಿಕೊಂಡು ಮಲಗಿದ್ದ ಬಿಳಿಗೆಂಪು ಹುಳುಗಳು.

ಒಂದನ್ನು ಅಂಗೈಗೆ ಹಾಕಿಕೊಂಡು ನೋಡಿದರು.

"ಇಷ್ಟು ಆಳ್ದಲ್ಲಿ ಅವೆ ಅಂದ್ರೆ ಇವು ಇಲ್ಲೇ ಬಾಳಿರವು ಕಣ್ಲಾ," ಎಂದರು ನನಗೆ. ಆಮೇಲೆ ಅತ್ತೆಯ ಕಡೆಗೆ ತಿರುಗಿ, "ಅವತ್ತು ನಾನೇ ಗಾಡೀಲಿ ತುಂಬ್ಕ ಬಂದೆ, ಅಲ್ವವ್ವಾ? ನಿನ್ ಬಾಳೆ ಸುಮ್ಕೆ ಓಯ್ತು."

ನಾನು ಅತ್ತೆಯ ಮುಖ ನೋಡಿದೆ. ಅವಳು ಮಾವನ ಅಂಗೈಯ ಕೆಸರನ್ನು ತನ್ನ ಸೆರಗಿನಿಂದ ಒರೆಸಿದಳು.

"ಬಿಸ್ಲು ಏರ್ತಾ ಅದೆ, ನಡೀರಿ ಮಾವ," ಎಂದಳು.

ಅಂದು ೨೦೧೯ನೆಯ ಇಸವಿ, ಮೇ ತಿಂಗಳ ಹನ್ನೆರಡನೆಯ ತಾರೀಖು, ಭಾನುವಾರ.