ಚರಗ ಚೆಲ್ಲಲು ಹೊರಟ ಎರಡು ಗಾಡಿಗಳು

ಕಳೆದ ಎಳ್ಳಮವಾಸ್ಯೆಯ ದಿನ ಬೆಳಿಗ್ಗೆ ಏಳಕ್ಕೆ ನಾವು ಎರಡು ಗಾಡಿಗಳಲ್ಲಿ ಆಳಂದ ಬಿಟ್ಟೆವು. ಮುಂದೆ ನನ್ನ ತಮ್ಮ ವಿಜಯಕುಮಾರನ ಹೊಸ ಸೆಡಾನ್, ಅದರಲ್ಲಿ ನಾನು. ಹಿಂದೆ ನೆರೆಮನೆಯ ಮೈಬೂಬನ ಪಿಕಪ್. ಅದು ಮೂರು ಕೈ ದಾಟಿ ಬಂದದ್ದು. ಸೊಲ್ಲಾಪುರದ ಹಳೆಯ ಮಾಲೀಕ ಬರೆಸಿದ ಮರಾಠಿ ಅಕ್ಷರಗಳು ಬಾಗಿಲ ಮೇಲೆ ಹಾಗೇ ಇದ್ದವು. ಮನೆಯ ಹೆಂಗಸರು, ಕಾಳು ಸೊಪ್ಪು ಬೇಯಿಸಿದ ಭಜ್ಜಿಯ ಪಾತ್ರೆ, ಸಜ್ಜೆ ರೊಟ್ಟಿಯ ಗಂಟು, ಅಂಬಲಿಯ ಗಡಿಗೆ ಎಲ್ಲವೂ ಪಿಕಪ್‌ನಲ್ಲಿ. ಗಡಿಗೆಯನ್ನು ವಿಜಯ ಕಾರಿನ ಹತ್ತಿರವೂ ಬಿಟ್ಟಿರಲಿಲ್ಲ. "ಸೀಟಿಗೆ ಚೆಲ್ಲಿದ್ರ ವಾಸನಿ ಯುಗಾದಿತನಕ ಹೋಗಂಗಿಲ್ಲ" ಎಂದಿದ್ದ.

ಹೋಗಬೇಕಾದದ್ದು ಜೇವರ್ಗಿಯಾಚೆ, ನಮ್ಮ ಸೋದರಮಾವನ ಹೊಲಕ್ಕೆ. ಹಬ್ಬದಡುಗೆಯನ್ನು ಪೈರಿಗೆ ಎರಚಿ ಭೂಮಿಗೆ ಉಣಿಸುವ ಚರಗವನ್ನು ಪ್ರತಿವರ್ಷ ಮಾವನೇ ಚೆಲ್ಲುತ್ತಿದ್ದ. ಮಳೆಗಾಲದಲ್ಲಿ ಅವನು ತೀರಿಕೊಂಡ. ಈ ಸಲ ತಾನೇ ಚೆಲ್ಲಬೇಕೆಂದು ಅವನ ಅಕ್ಕ, ಅಫಜಲಪುರದ ನಮ್ಮ ದೊಡ್ಡವ್ವ, ಹಟ ಹಿಡಿದಿದ್ದಳು. ಮಂಡಿನೋವಿನಿಂದಾಗಿ ಆಕೆ ತವರಿನ ಹೊಲ ಕಂಡು ವರ್ಷಗಳಾಗಿದ್ದವು. ಮಾವನ ಮಗ ಶರಣು ಫೋನಿನಲ್ಲಿ ಹೇಳಿದ್ದ: "ಹೊತ್ತು ನೆತ್ತಿಗೆ ಬರೂತನ ಕಾಯ್ತೇನಿ. ಆಮ್ಯಾಲ ನಾನೇ ಚೆಲ್ತೇನಿ. ಮಂದಿ ಉಪಾಸ ಇರ್ತಾರ."

ಭೂಸನೂರಿನ ಕಡೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಎದುರಾದವು. ಗಾಜು ಏರಿಸಿದ್ದರಿಂದ ಸದ್ದೂ ಇಲ್ಲ, ಧೂಳೂ ಇಲ್ಲ. ನಮ್ಮ ಕಾರು ಕಂಡವರು ಪಕ್ಕಕ್ಕೆ ಸರಿದು ನಿಂತರು. ಪಿಕಪ್ ಕಂಡವರು ಕೈ ಮಾಡಿದರು. ಅದು ಅಫಜಲಪುರ ಮುಟ್ಟುವಷ್ಟರಲ್ಲಿ ಹೆಂಗಸರ ನಡುವೆ ಗುರುತಿಲ್ಲದ ಇಬ್ಬರು ಮುದುಕರು ಕೂತು ರೊಟ್ಟಿ ತಿನ್ನುತ್ತಿದ್ದರು.

ದೊಡ್ಡವ್ವ ಸೆಡಾನ್‌ನ ಮುಂದಿನ ಸೀಟಿನಲ್ಲಿ ಕೂತು ಕೈಯಿಂದ ಒತ್ತಿ ನೋಡಿದಳು. "ಲೇ ವಿಜು, ಇದು ಗಾಡಿಯೋ ಗಾದಿಯೋ?" ಭೀಮಾ ನದಿ ದಾಟುವ ಮೊದಲೇ ನಿದ್ದೆ ಹೋದಳು.

ಜೇವರ್ಗಿ ದಾಟಿ ಹೊಲದ ಹಾದಿಗೆ ಇಳಿದಾಗ ಸೆಡಾನ್ ನಿಂತಿತು. ಕಾಲುವೆಯ ನೀರು ಹರಿದು ಎರೆಮಣ್ಣು ಅಂಟಾಗಿತ್ತು. "ಇನ್ನ ಮುಂದ ಹೋದ್ರ ಗಾಡಿ ಹೊಟ್ಟಿ ಹರೀತದ" ಎಂದ ವಿಜಯ. ಹೊತ್ತು ನೆತ್ತಿಗೆ ಬರುತ್ತಿತ್ತು. ದೊಡ್ಡವ್ವ ಇಳಿದು ಸ್ವಲ್ಪ ದೂರ ನಡೆದಳು. ಮಂಡಿ ಹಿಡಿದು ಒಡ್ಡಿನ ಮೇಲೆ ಕೂತಳು.

ಹಿಂದಿನಿಂದ ಪಿಕಪ್ ಬಂತು. ಅದರ ಹಲಗೆ ಆಕೆಯ ಎದೆಮಟ್ಟಕ್ಕಿತ್ತು. ಮೈಬೂಬ ಗಾಡಿಯನ್ನು ಹಿಂದಕ್ಕೆ ಒಡ್ಡಿಗೆ ತಾಗಿಸಿ, ಹಿಂಬಾಗಿಲನ್ನು ಸೇತುವೆಯಂತೆ ಅಡ್ಡ ಬಿಟ್ಟ.

"ಎಮ್ಮಿ ಹತ್ತಿಸಿದಂಗ ಹತ್ತಿಸಾಕತ್ತೀಯೇನಲೇ?" ಎಂದಳು ದೊಡ್ಡವ್ವ.

"ಎಮ್ಮಿ ಒದಿತದ. ನೀ ಒದೀಬ್ಯಾಡ ದೊಡ್ಡವ್ವ, ಸಾಕು."

ಆಕೆ ನಗುತ್ತಲೇ ದಾಟಿದಳು. ನಾನೂ ಹತ್ತಿ ಹಿಂದಕ್ಕೆ ಮುಖಮಾಡಿ ಕಾಲು ಇಳಿಬಿಟ್ಟೆ. ಚಿಕ್ಕವರಿದ್ದಾಗ ಮಾವ ಜೇವರ್ಗಿ ಬಸ್‌ಸ್ಟ್ಯಾಂಡಿಗೆ ಎತ್ತಿನ ಬಂಡಿ ತರುತ್ತಿದ್ದ. ಮೇವು ಹಾಸಿದ ಬಂಡಿಯಲ್ಲಿ ನಾವು ಹೀಗೆಯೇ ಕೂರುತ್ತಿದ್ದೆವು. ಸೆಡಾನ್‌ನಲ್ಲಿ ರಸ್ತೆ ಎದುರಿಗೆ ಬಂದಿತ್ತು. ಇಲ್ಲಿ ಅದು ಕಾಲಡಿಯಿಂದ ಹೊರಟು ದೂರ ಹೋಗುತ್ತಿತ್ತು. ಎರಡೂ ಕಡೆ ಬಿಳಿಜೋಳ, ನಡುವೆ ಕುಸುಬೆ. ಕಡಲೆಯ ಹುಳಿ ವಾಸನೆ ಅಂದಿನದೇ.

ಹೊಲ ಕಂಡಾಗ ನೆರಳು ಕಾಲಡಿಗೆ ಸೇರಿತ್ತು. ಪೂಜೆ ಮುಗಿದು ಶರಣು ಚರಗದ ಪಾತ್ರೆ ಎತ್ತಿದ್ದ.

"ಏ ಶರಣಾ, ನಿಂದರಲೇ!" ದೊಡ್ಡವ್ವ ಪಿಕಪ್‌ನಲ್ಲೇ ಎದ್ದು ನಿಂತು ಕೂಗಿದಳು. "ನಿಮ್ಮಪ್ಪಗ ನಾ ಅಕ್ಕ ಇದ್ದೇನಿ!"

"ಬಾ ಅತ್ತಿ, ನಿನ್ನ ಸಲುವಾಗೇ ಕೈ ತಡದೇನಿ. ಇಳೀತಿ?"

"ಇಳದ್ರ ಮತ್ತ ಹತ್ತೋರು ಯಾರೋ? ಇಲ್ಲೇ ಕೊಡು."

ಶರಣು ಪಾತ್ರೆಯನ್ನು ಮೇಲೆ ಕೊಟ್ಟ. ಮೈಬೂಬ ಮೊದಲ ಗೇರಿನಲ್ಲಿ ಹೊಲದ ಅಂಚು ಹಿಡಿದು ಹೊರಟ. ದೊಡ್ಡವ್ವ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಿಂದ ಜೋಳದ ಮೇಲೆ ಚರಗ ಚೆಲ್ಲುತ್ತ ಹೋದಳು. ಶರಣು ಪಕ್ಕದಲ್ಲಿ ನಡೆಯುತ್ತ ಚರಗ ಚೆಲ್ಲುವಾಗ ಹಾಕುವ ಆಕೆಯ ವಾಡಿಕೆಯ ಕೂಗಿಗೆ ಓಗೊಟ್ಟ. ಹೊಲ ಒಂದು ಸುತ್ತು ಮುಗಿದಾಗ ಪಾತ್ರೆ ಬರಿದಾಗಿತ್ತು. ದೊಡ್ಡವ್ವ ಇಳಿಯಲಿಲ್ಲ, ಅಲ್ಲೇ ಕೂತು ಉಂಡಳು.