ಅತ್ತೆ ಹೊತ್ತ ಹರಕೆ, ನನ್ನ ಜಡೆ

ನನ್ನ ಗಂಡ ಡೆಂಗಿಯಿಂದ ಎದ್ದು ಮನೆಗೆ ಬಂದ ವಾರವೇ ನಮ್ಮತ್ತೆ ಒಂದು ಬಾಂಬು ಹಾಕಿದರು. ಮಗ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಮನೆದೇವರಿಗೆ ಹರಕೆ ಹೊತ್ತಿದ್ದರಂತೆ, ಅವನು ಬದುಕಿ ಬಂದರೆ ಸೊಸೆಯ ಮುಡಿ ಕೊಡಿಸುತ್ತೇನೆ ಅಂತ. ಸೊಸೆ ಅಂದರೆ ನಾನು. ಸೊಂಟ ಮುಟ್ಟುವ ಜಡೆ ನನ್ನದು. ಕೆ.ಆರ್. ಪೇಟೆಯ ಹೈಸ್ಕೂಲಿನಲ್ಲಿ ಪಾಠ ಮಾಡುವವಳು ಇನ್ನು ಬೋಳುತಲೆಯಲ್ಲಿ ಕ್ಲಾಸಿಗೆ ಹೋಗಿ ನಿಲ್ಲಬೇಕು. ನಮ್ಮ ಕಡೆ ಮುಡಿ ಕೊಡುವುದು ಹೊಸದೇನಲ್ಲ, ಆದರೆ ಅವರವರ ತಲೆ ಅವರವರು ಕೊಡುತ್ತಾರೆ. ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಅಂತ ಮೈಯೆಲ್ಲ ಉರಿದುಹೋಯಿತು.

ಶೀಳನೆರೆಯ ನಮ್ಮ ಮನೆಯಲ್ಲಿ ಅವರೆಕಾಯಿ ಕಾಲಕ್ಕೆ ಜಗಳವಾಡಬೇಕೆಂದರೂ ಅವರೆಕಾಳಿನ ಮುಂದೆಯೇ ಕೂರಬೇಕು. ಆ ಭಾನುವಾರ ನೆನೆಸಿದ ಕಾಳಿನ ಪಾತ್ರೆ ನಡುವೆ ಇಟ್ಟುಕೊಂಡು ಇಬ್ಬರೂ ಹಿತುಕುತ್ತ ಕೂತೆವು. ಗಂಡ ಜಗಲಿ ಮೇಲೆ ಫೋನು ನೋಡುತ್ತಿದ್ದ. ಹಿಂದಿನ ದಿನ ಕೇಳಿದ್ದಕ್ಕೆ, ನೀವ್ನೀವೇ ಮಾತಾಡ್ಕಳಿ ಅಂದಿದ್ದ ಮಹಾನುಭಾವ.

ಕೂಗಾಡಬೇಕು ಅಂತಲೇ ಕೂತಿದ್ದೆ. ಬಾಯಿಗೆ ಬಂದದ್ದು ಬೇರೆ. ನಿಮ್ಮದೇ ಕೊಡ್ತೀನಿ ಅನ್ನಬಹುದಿತ್ತಲ್ಲ ಅತ್ತೆ, ನಂದೇ ಯಾಕೆ ಅಂತ ಕೇಳಿದೆ. ಅವರು ಕಾಳು ಹಿತುಕುತ್ತಲೇ ಹೇಳಿದರು. ನನ್ನ ತಲೆಯಲ್ಲಿರುವುದು ನಾಲ್ಕು ಬಿಳಿ ಎಳೆ, ಮಗನ ಜೀವಕ್ಕೆ ಅದನ್ನು ಕೊಡುತ್ತೇನೆ ಅನ್ನುವುದಕ್ಕೆ ಬಾಯಿ ಬರಲಿಲ್ಲ, ಮನೆಯಲ್ಲಿ ಚೆನ್ನಾಗಿರುವುದು ಅಂದರೆ ನಿನ್ನ ಜಡೆಯೇ ಹೊಳೆಯಿತು ಅಂತ. ಈಗ ತಪ್ಪಿದರೆ ಅವನಿಗೆ ಮತ್ತೆ ಜ್ವರ ಬಂದೀತು ಅಂತ ನಿದ್ದೆಯೇ ಇಲ್ಲವಂತೆ. ವಿಜ್ಞಾನ ಹೇಳಿಕೊಡುವ ನನಗೂ ಒಳಗೊಳಗೇ ಅದೇ ಭಯ. ಅದನ್ನೂ ಅವರಿಗೆ ಹೇಳಿಬಿಟ್ಟೆ. ಇಬ್ಬರ ಭಯವೂ ಒಂದೇ ಅಂತ ಗೊತ್ತಾದ ಮೇಲೆ ಮಾತು ಸಲೀಸಾಯಿತು.

ಪಕ್ಕದ ಮನೆಯವರು ನಿಮ್ಮ ಹಾಲು ಕರೆಯೋ ಹಸುವನ್ನ ದೇವರಿಗೆ ಬಿಡ್ತೀನಿ ಅಂತ ಹರಕೆ ಹೊತ್ತರೆ ಕೊಡ್ತೀರಾ ಅಂತ ಕೇಳಿದೆ. ಅತ್ತೆಗೆ ನಗು ಬಂತು. ಅಸ ನಂದು, ಅವ್ರ್ಯಾರು ಕೊಡಕ್ಕೆ ಅಂದರು. ಅಂದವರು ನನ್ನ ಜಡೆ ನೋಡಿದರು.

"ನಿಂದನ್ನ ನಂದು ಅಂತ ದೇವ್ರ ಮುಂದೆ ಅಂದ್ಬುಟ್ಟೆ ಕಣವ್ವ."

ಆಮೇಲೆ ಜಗಲಿ ಕಡೆ ತಿರುಗಿದರು. "ಲೋ ಮಗ, ಬದುಕ್ದೋನು ನೀನು. ಇವಳ್ನ ಒಂದ್ಮಾತು ಕೇಳ್ನಿಲ್ಲ, ತಪ್ಪಾಯ್ತು. ನಿನ್ನ ಕೇಳ್ತಾವ್ನಿ. ನಿನ್ ಮುಡಿ ಕೊಟ್ಟೀಯಾ?"

ದಿನಾ ಬೆಳಿಗ್ಗೆ ಕನ್ನಡಿ ಬಿಟ್ಟು ಅಲ್ಲಾಡದೆ ಕ್ರಾಪು ತೀಡುವ ಮನುಷ್ಯ ಅವನು. ಫೋನು ಕೆಳಗಿಟ್ಟ, ತಲೆ ಸವರಿಕೊಂಡ, ಊಂ ಕಣವ್ವ, ಕೊಡ್ತೀನಿ ಅಂದ. ಅಬ್ಬಾ, ನನಗೆ ಹೋದ ಜೀವ ಬಂದಂತಾಯಿತು. ಆ ಖುಷಿಯಲ್ಲಿ ಸಾರಿಗೆ ಉಪ್ಪು ಹಾಕುವುದನ್ನೇ ಮರೆತೆ, ಯಾರೂ ಬೈಯಲಿಲ್ಲ.

ಮುಂದಿನ ಭಾನುವಾರ ನಾಗಮಂಗಲದ ಕಡೆ ಇರುವ ಮನೆದೇವರಿಗೆ ಹೋಗಿ ಬಂದೆವು. ಅತ್ತೆ ದೇವರ ಮುಂದೆ ನಿಂತು, ತಪ್ಪಾಯ್ತು ಅಂತ ಕೆನ್ನೆ ಬಡಿದುಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಗಂಡ ಬೋಳುತಲೆಗೆ ಟವೆಲು ಸುತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದ. ಅತ್ತೆ ನನ್ನ ಪಕ್ಕದಲ್ಲಿ ತೂಕಡಿಸುತ್ತಿದ್ದರು. ತಲೆಗೆ ನೀರು ಹಾಕಿಕೊಂಡಿದ್ದರಿಂದ ಕೂದಲು ಬಿಟ್ಟುಕೊಂಡಿದ್ದೆ, ಕಿಟಕಿಯ ಗಾಳಿಗೆ ಅದು ಹಾರಿ ಅವರ ಮುಖಕ್ಕೆ ಬಡಿಯಿತು. ಅವರು ಕಣ್ಣು ಬಿಡದೆಯೇ ಅದನ್ನು ಒಟ್ಟುಮಾಡಿ ನನ್ನ ಕೈಗೆ ಕೊಟ್ಟರು.

"ತಕ್ಕೊ, ನಿನ್ ಕೂದ್ಲ ಕಟ್ಕೊಳವ್ವ," ಅಂದರು.