ನಡುನೋವಿನ ನಂಬರು

ಬಳ್ಳಾರಿಯ ಆಸ್ಪತ್ರೆಯೊಂದರ ರೆಕಾರ್ಡ್ ರೂಮಿನಲ್ಲಿ ನನ್ನ ಕೆಲಸ. ಡಿಸ್ಚಾರ್ಜ್ ಆಗುವವರ ಫೈಲು ನೋಡಿ, ಯಾವ ಕಾಯಿಲೆಗೆ ಯಾವ ನಂಬರು ಎಂದು ಕಂಪ್ಯೂಟರಿಗೆ ಹಾಕುತ್ತೇವೆ. ಆ ನಂಬರಿನ ಕಾಯಿಲೆಯೇ ರೋಗಿಯ ಚೀಟಿಯಲ್ಲಿ ಅಚ್ಚಾಗುತ್ತದೆ. ಬೆನ್ನೆಲುಬಿನ ಪೆಟ್ಟುಗಳಿಗೆ ಸರಿಯಾದ ನಂಬರು ಬಿದ್ದಿದೆಯೇ ಎಂದು ತಾಳೆ ನೋಡುವ ಕೆಲಸವನ್ನು ಹೋದ ವರ್ಷ ನನ್ನ ತಲೆಗೆ ಕಟ್ಟಿದರು. ಗೊಣಗುತ್ತಲೇ ಶುರು ಮಾಡಿದೆ.

ಮೊದಲು ಸಿಕ್ಕವನು ಕುರುಗೋಡಿನ ಒಬ್ಬ ಮೇಸ್ತ್ರಿ. ಬೆನ್ನೆಲುಬು ಮುರಿದಿರಬಹುದೇ ಎಂದು ಡಾಕ್ಟರು ಅನುಮಾನಪಟ್ಟು ಬರೆದಿದ್ದರು. ನಮ್ಮ ರೂಮಿನವರು ಅನುಮಾನ ನುಂಗಿ ಕಂಪ್ಯೂಟರಿನಲ್ಲಿ ಮುರಿದೇಬಿಟ್ಟಿದ್ದರು. ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ನಂಬರು ತಿದ್ದಿ ಒಬ್ಬಳೇ ನಕ್ಕೆ.

ಆಮೇಲೆ ಬಂದದ್ದು ದೇಶನೂರಿನ ಹೆಂಗಸಿನ ಫೈಲು. ಭತ್ತದ ಸಸಿ ಹೇರಿದ ಟ್ರ್ಯಾಕ್ಟರಿನಿಂದ ಬಿದ್ದಿದ್ದಳು. ನಾಟಿಯ ಹಂಗಾಮು ಎಂದು ಮನೆಯವರು ಹಟ ಹಿಡಿದು, ಸ್ಕ್ಯಾನ್ ರಿಪೋರ್ಟು ಬರುವ ಮುಂಚೆಯೇ ಕರೆದುಕೊಂಡು ಹೋಗಿದ್ದರು. ನಮ್ಮ ರೂಮಿನಲ್ಲಿ ಮೊದಲ ಹಾಳೆ ನೋಡಿ ನಂಬರು ಹಾಕುವ ರೂಢಿ. ಅಲ್ಲಿ ಇದ್ದದ್ದು ನಡುನೋವು. ತಡವಾಗಿ ಬಂದು ಫೈಲಿನ ಕೊನೆಗೆ ಸೇರಿದ್ದ ರಿಪೋರ್ಟಿನ ಪ್ರಕಾರ ಬೆನ್ನೆಲುಬು ಮುರಿದಿತ್ತು.

ಡಾಕ್ಟರ ಹತ್ತಿರ ಓಡಿದೆ. ಮೂಳೆ ಜರುಗಿದರೆ ಕಾಲಿನ ಸ್ವಾಧೀನವೇ ಹೋಗುತ್ತದೆ, ಈಗಲೇ ಕರೆಸಿ ಎಂದರು. ಫೋನು ಎತ್ತಿದವಳು ಅವಳ ಅತ್ತೆ.

"ಸೊಸಿ ನಾಟಿ ಮಾಡಾಕ ಹೋಗ್ಯಾಳ್ರಿ. ಆಗೂದಿಲ್ಲ ಅಂತ ಅಳತಿದ್ಲು. ಬರೇ ನಡಾ ನೋವು ಅಂತ ನಿಮ್ಮ ಚೀಟ್ಯಾಗ ಐತಲ್ರಿ, ಮೈಗಳ್ಳತನ ಮಾಡಬ್ಯಾಡ ಅಂತ ನಾನ ಕಳಿಸೀನಿ."

ಸಿಟ್ಟು ನೆತ್ತಿಗೇರಿತು. ಆದರೆ ಚೀಟಿ ನಮ್ಮದೇ, ಯಾರನ್ನು ಬೈಯಲಿ?

"ಅಮ್ಮಾ, ಆಕಿ ಬೆನ್ನೆಲುಬು ಮುರದೈತಿ. ಬಗ್ಗಾಕ ಬಿಡಬ್ಯಾಡ್ರಿ, ಅಂಗಾತ ಮಲಗಿಸ್ರಿ. ಆಂಬುಲೆನ್ಸ್ ಬರತೈತಿ."

ಫೋನು ಇಡುವ ಮೊದಲೇ ಅವಳು ಯಾರನ್ನೋ ಗದ್ದೆಗೆ ಓಡು ಎಂದು ಕೂಗಿದ್ದು ಕೇಳಿಸಿತು.

ಮಧ್ಯಾಹ್ನ ಅವಳನ್ನು ಹಲಗೆಯ ಮೇಲೆ ಮಲಗಿಸಿಕೊಂಡೇ ತಂದರು. ಅತ್ತೆಯೂ ಜೊತೆಗೆ ಬಂದಿದ್ದಳು. ಕಾಲ್ಬೆರಳು ಆಡಿಸಮ್ಮ ಎಂದರು ಡಾಕ್ಟರು. ಕೆಸರು ಮೆತ್ತಿದ ಬೆರಳುಗಳು ಆಡಿದವು. ನನಗೆ ಹೋದ ಜೀವ ಬಂದಂತಾಯಿತು.

ಫೋನು ಮಾಡಿದವಳು ನಾನೇ ಎಂದು ಗೊತ್ತಾದಾಗ ಸೊಸೆ ಕೇಳಿದಳು, "ಈಗ ಚೀಟ್ಯಾಗ ಏನಂತ ಬರಿತೀರಿ ಅಕ್ಕಾರ?"

"ಬೆನ್ನೆಲುಬು ಮುರದೈತಿ ಅಂತ."

ಅವಳ ಕಣ್ಣು ತುಂಬಿ ಬಂತು. "ಕೇಳಿದ್ರೇನು ಅತ್ತಿ? ನಾ ಸುಳ್ಳು ಹೇಳಿದ್ದಿಲ್ಲ."

ಅತ್ತೆ ಸೆರಗಿನಿಂದ ಸೊಸೆಯ ಕಾಲಿನ ಕೆಸರು ಒರೆಸತೊಡಗಿದಳು.